‘ನೀತಿ’ ಎಂಬ ಎರಡಕ್ಷರ

ಕ್ರೈಸ್ತರ ಮನೆಗಳ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿರುವ ವಾಕ್ಯಗಳಲ್ಲಿ ಯೇಸುಸ್ವಾಮಿಯ ಪರ್ವತ ಪ್ರಸಂಗದ ಆರಂಭದಲ್ಲಿ ಬರುವ ಅಷ್ಟಭಾಗ್ಯಗಳಿಗೆ ವಿಶೇಷ ಸ್ಥಾನವಿದೆ. ದುಃಖಿತರಿಗೆ ಸಮಾಧಾನ ದೊರೆಯುವುದೆಂಬ ಮಾತನ್ನು ಸಾವಿನ ಮನೆಯಲ್ಲಿ ಓದುತ್ತೇವೆ. ಶಾಂತರ ಭಾಗ್ಯವನ್ನು ತುಂಟ ಮಕ್ಕಳಿಗೆ ಬುದ್ಧಿ ಹೇಳಲು ಬಳಸುತ್ತೇವೆ. ಹೀಗೆ ಓದಿ ಓದಿ ಅವನ್ನು ಜೋಗುಳವನ್ನಾಗಿ ಮಾಡಿಕೊಂಡಿದ್ದೇವೆ.

ನಮ್ಮ ಹಳೆಯ ಕನ್ನಡ ಸತ್ಯವೇದದಲ್ಲಿ ನಾಲ್ಕನೆಯ ಭಾಗ್ಯವು ‘ನೀತಿ’ಗಾಗಿ ಹಸಿವು ನೀರಡಿಕೆಗಳಿಂದ ಬಳಲುವವರದು. ಕನ್ನಡ ಕಲಿಸಿ ನಿವೃತ್ತನಾದ ನನಗೆ ಈ ಪದದೊಡನೆ ಸಣ್ಣದೊಂದು ತಕರಾರಿದೆ. ‘ಈ ಕಥೆಯ ನೀತಿಯೇನು?’ ಎಂಬ ಎರಡು ಅಂಕದ ಪ್ರಶ್ನೆಗೆ ನೀವೆಲ್ಲರೂ ಉತ್ತರ ಬರೆದವರೇ! ನಮ್ಮ ಕಿವಿಗೆ ನೀತಿಯೆಂದರೆ ಸುಳ್ಳು ಹೇಳದಿರುವುದು, ಕದಿಯದಿರುವುದು, ಹಿರಿಯರ ಮಾತು ಮೀರದಿರುವುದು. ಆದರೆ ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿರುವ ‘ದಿಕಾಯೊಸುನೆ’ ಎಂಬ ಶಬ್ದದಲ್ಲಿ ವ್ಯಕ್ತಿಯ ಸದಾಚಾರದ ಜೊತೆಗೆ ನ್ಯಾಯವೂ ಅಡಗಿದೆ. ತಕ್ಕಡಿಯಲ್ಲಿ ಮೋಸ ಮಾಡಿ ಬಡವನನ್ನು ಸುಲಿಯುವ ವ್ಯಾಪಾರಿಯನ್ನು ಜರೆದ ಪ್ರವಾದಿ ಆಮೋಸನ ಪರಂಪರೆ ಅದರ ಹಿಂದಿದೆ. ಎಂಟನೆಯ ಭಾಗ್ಯದಲ್ಲಿ ಇದೇ ಶಬ್ದ ಮರಳಿ ಬರುತ್ತದೆ. ಅಲ್ಲಿರುವವರು ಇದೇ ನೀತಿಯ ಸಲುವಾಗಿ ಹಿಂಸೆಗೊಳಗಾದವರು. ಸುಳ್ಳು ಹೇಳದೆ, ಕದಿಯದೆ ತನ್ನ ಪಾಡಿಗೆ ತಾನಿರುವವನನ್ನು ಯಾರು ತಾನೇ ಹಿಂಸಿಸುತ್ತಾರೆ?

ಲೂಕನ ಸುವಾರ್ತೆಯಲ್ಲಿ ಮಾತು ಇನ್ನೂ ಖಾರವಾಗಿದೆ. ಅಲ್ಲಿ ‘ಆತ್ಮದಲ್ಲಿ’ ಎಂಬ ವಿಶೇಷಣವಿಲ್ಲ, ಬರಿಯ ಬಡವರು. ಬೆನ್ನಿಗೇ ಐಶ್ವರ್ಯವಂತರಿಗೆ ಎಚ್ಚರಿಕೆ. ಆ ಭಾಗದ ಮೇಲೆ ಪ್ರಸಂಗ ಕೇಳಿದ ನೆನಪು ನನಗೆ ಹೆಚ್ಚಿಲ್ಲ.

ಶಾಲೆ, ಆಸ್ಪತ್ರೆ, ಅನಾಥಾಶ್ರಮಗಳನ್ನು ನಡೆಸುತ್ತಿದ್ದೇವಲ್ಲ, ಸಾಲದೇ, ಸಭೆಗೆ ರಾಜಕೀಯವೇಕೆ ಎಂದು ನಮ್ಮ ಬಂಧುಗಳಲ್ಲೇ ಹಲವರು ಕೇಳುತ್ತಾರೆ. ಸೇವೆಯನ್ನು ನಾನು ಲಘುವಾಗಿ ಕಾಣುವವನಲ್ಲ. ಆದರೆ ಭೂಮಿ ಕಳೆದುಕೊಂಡು ಕೂಲಿಗೆ ಬಿದ್ದವನಿಗೆ ಅನ್ನ ಬಡಿಸುವುದು ಒಂದು ಕೆಲಸ, ಅವನ ಭೂಮಿ ಹೋದದ್ದು ಹೇಗೆಂದು ಕೇಳುವುದು ಇನ್ನೊಂದು. ಮೊದಲನೆಯದಕ್ಕೆ ಸನ್ಮಾನವುಂಟು. ಎರಡನೆಯದಕ್ಕೆ ದೊರೆಯುವುದೇನೆಂದು ಫಾದರ್ ಸ್ಟ್ಯಾನ್ ಸ್ವಾಮಿಯವರ ಬಾಳು ತೋರಿಸಿತು.

1937ರಲ್ಲಿ ತಿರುಚಿರಾಪಳ್ಳಿಯ ಕಡೆ ಹುಟ್ಟಿದ ಈ ಜೆಸುಯಿಟ್ ಪಾದ್ರಿ ಕನ್ನಡಿಗರಿಗೆ ಅಪರಿಚಿತರೇನಲ್ಲ. 1970 ಮತ್ತು 80ರ ದಶಕಗಳಲ್ಲಿ ಅವರು ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ಆನಂತರ ಜಾರ್ಖಂಡಿನ ಆದಿವಾಸಿಗಳ ನಡುವೆ ನೆಲೆಸಿದರು. ಸಂವಿಧಾನದ ಐದನೆಯ ಅನುಸೂಚಿ ಏಕೆ ಜಾರಿಯಾಗುತ್ತಿಲ್ಲ, ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ನೆಲ ಹೇಗೆ ಕೈಬಿಡುತ್ತಿದೆ ಎಂದು ಕೇಳುತ್ತಾ ಬಂದರು. ನಕ್ಸಲರೆಂಬ ಆರೋಪ ಹೊತ್ತು ವಿಚಾರಣೆ ಮುಗಿಯದೆ ಸೆರೆಯಲ್ಲಿ ಕೊಳೆಯುತ್ತಿದ್ದ ಆದಿವಾಸಿ ಯುವಕರ ಪರವಾಗಿ ಹೈಕೋರ್ಟಿಗೆ ಅರ್ಜಿ ಸಲ್ಲಿಸಿದರು. 2020ರ ಅಕ್ಟೋಬರ್ 8ರಂದು, 83ನೆಯ ವಯಸ್ಸಿನಲ್ಲಿ, ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಅವರನ್ನೇ ಬಂಧಿಸಲಾಯಿತು. ಆರೋಪಗಳನ್ನು ಅವರು ನಿರಾಕರಿಸಿದ್ದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗದ ಆ ವೃದ್ಧರು ನೀರು ಕುಡಿಯುವ ಒಂದು ಕೊಳವೆಗಾಗಿ ನ್ಯಾಯಾಲಯದ ಮೊರೆ ಹೋಗಬೇಕಾಯಿತು. 2021ರ ಜುಲೈ 5ರಂದು, ಜಾಮೀನಿನ ಅರ್ಜಿ ಇತ್ಯರ್ಥವಾಗುವ ಮೊದಲೇ, ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದವರ ಪರ ನಿಂತವರು ವಿಚಾರಣೆಯಿಲ್ಲದೆಯೇ ಹೋದರು. ನಾಲ್ಕನೆಯ ಭಾಗ್ಯದಿಂದ ಎಂಟನೆಯದಕ್ಕೆ ಇರುವ ದಾರಿ ಅಷ್ಟೇನೂ ಉದ್ದವಲ್ಲ.

ಸರ್ಕಾರದತ್ತ ಬೆರಳು ತೋರಿಸಿ ಸುಮ್ಮನಾಗುವುದು ಮಾತ್ರ ನನಗೆ ಸರಿಕಾಣದು. 1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಬಹುಮಟ್ಟಿಗೆ ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ದಲಿತ ಕ್ರೈಸ್ತರು ಹೊರಗುಳಿದರು. ಇದು ಅನ್ಯಾಯವೆಂದು ನಾವು ದಶಕಗಳಿಂದ ಮನವಿ ಸಲ್ಲಿಸುತ್ತಿದ್ದೇವೆ, ಸರಿಯೇ. ಆದರೆ ದಕ್ಷಿಣ ಭಾರತದ ಕೆಲವು ಸಭೆಗಳಲ್ಲಿ ಅದೇ ದಲಿತ ಕ್ರೈಸ್ತರನ್ನು ಹೂಳಲು ಬೇರೆಯೇ ಸ್ಥಳವನ್ನಿಟ್ಟವರು, ಸಮಾಧಿಗಳ ನಡುವೆ ಗೋಡೆ ಕಟ್ಟಿದವರು ಯಾರು? ಮದುವೆಯ ಮಾತು ಬಂದಾಗ ‘ಮೊದಲು ಅವರು ಯಾವ ಕಡೆಯವರಾಗಿದ್ದರು?’ ಎಂದು ದನಿ ತಗ್ಗಿಸಿ ಕೇಳುವವರು ಯಾರು? ಇದಕ್ಕೆ ಸಂಸತ್ತಿನ ಕಾಯಿದೆ ಬೇಕಾಗಿಲ್ಲ, ಸಭೆಯವರ ಒಂದು ನಿರ್ಣಯ ಸಾಕು. ನಿಮ್ಮಲ್ಲಿ ಕೆಲವರು ಈಗ ನಿಮ್ಮ ನಿಮ್ಮ ಸಭೆಗಳ ಕಮಿಟಿಗಳಲ್ಲಿದ್ದೀರಿ. ಮುಂದಿನ ವಾರ್ಷಿಕ ಸಭೆಯಲ್ಲಿ ಈ ಮಾತನ್ನೆತ್ತಿ, ಏನಾಯಿತೆಂದು ನನಗೆ ಬರೆದು ತಿಳಿಸಿ.