ಮಗುವಿನ ವಿಮಾನಭಯ

ಬೇಸಗೆಯ ರಜೆಗೆ ಬೆಂಗಳೂರಿನಿಂದ ದೆಹಲಿಗೆ, ಅಜ್ಜಿಯ ಮನೆಗೆ, ವಿಮಾನದಲ್ಲಿ ಹೋಗುವುದೆಂದು ಗೊತ್ತಾದಂದಿನಿಂದ ನಮ್ಮ ನೆರೆಮನೆಯ 5 ವರ್ಷದ ಬಾಲೆಯು ನಿದ್ದೆಗೆಟ್ಟಿದ್ದಳು. “ಏನೂ ಆಗದು, ಹೆದರಬೇಡ” ಎಂದು ಮನೆಮಂದಿಯೆಲ್ಲರೂ ಹೇಳಿದರು. ಇಷ್ಟು ಜನ ಹೇಳಬೇಕಾದರೆ ಏನೋ ಇದ್ದೇ ಇರಬೇಕೆಂದು ಅವಳು ಬಗೆದಳು. ಆ ತರ್ಕದಲ್ಲಿ ನಮಗೂ ದೋಷ ಕಾಣಲಿಲ್ಲ. “ಬಿದ್ದರೆ?” ಎಂದು ಕೇಳಿದ್ದಕ್ಕೆ ಗದರಿಕೆಯೇ ಉತ್ತರವಾಯಿತು.

ಮಗುವಿಗೆ ಬೇಕಾದುದು ಮುಂದೆ ನಡೆಯುವುದರ ತಿಳಿವಳಿಕೆ. ವಿಮಾನವು ನೆಲ ಬಿಟ್ಟೊಡನೆ ಗಾಲಿಗಳು ಒಳಸೇರುವಾಗ ಧಡ್ಡೆಂದು ಸದ್ದಾಗುವುದು. ತುಸು ಹೊತ್ತಿನಲ್ಲಿ ಯಂತ್ರದ ಮೊರೆತ ತಗ್ಗುವುದು, ಯಂತ್ರವು ನಿಂತಿತೆಂದಲ್ಲ. ನಿಂತರೂ ಹದ್ದಿನಂತೆ ತೇಲುತ್ತ ಬಹುದೂರ ಸಾಗಬಲ್ಲುದು, ನಡೆಸುವವರೂ ಇಬ್ಬರಿರುವರು; “ಬಿದ್ದರೆ?” ಎಂಬುದಕ್ಕೆ ಇದನ್ನು ಹೇಳಬಹುದು. ರೆಕ್ಕೆಯ ತುದಿ ಬಾಗುವುದು. ಬಾಗುವಂತೆಯೇ ಅದನ್ನು ಕಟ್ಟಿರುವರು. ಇಳಿಯುವಾಗ ಗಾಳಿಯ ಒತ್ತಡವು ಬದಲಾಗಿ ಕಿವಿ ನೋಯಬಹುದು. ಆಗ ನೀರನ್ನು ಗುಟುಕುಗುಟುಕಾಗಿ ಕುಡಿಸಿರಿ. ನೆಗಡಿಯಿದ್ದರೆ ಮೊದಲೇ ವೈದ್ಯರನ್ನು ಕೇಳತಕ್ಕದ್ದು.

ನಾವು ಕುರ್ಚಿಗಳನ್ನು ಸಾಲಾಗಿಟ್ಟು, ಸೊಂಟಕ್ಕೆ ಶಲ್ಯ ಬಿಗಿದು, ಇದನ್ನೆಲ್ಲ ಅವಳೊಡನೆ ಆಟವಾಗಿ ಆಡಿದೆವು. “ಧಡ್” ಎನ್ನುವ ಕೆಲಸ ಅವಳದು. ಪಯಣದ ದಿನ ಆ ಸದ್ದಿಗೆ ತಂದೆಯೇ ಬೆಚ್ಚಿದರಂತೆ. “ಗಾಲಿ ಅಪ್ಪಾ, ಗಾಲಿ” ಎಂದು ಅವಳು ಸಮಾಧಾನ ಹೇಳಿದಳಂತೆ. ತಾಯಿಯ ಕೈಯನ್ನು ಮಾತ್ರ ದೆಹಲಿಯವರೆಗೂ ಬಿಡಲಿಲ್ಲವಂತೆ.