ಕಿತ್ತಳೆಯ ಸಿಪ್ಪೆ ಹೇಳುವ ಮಾತು

ಬಜಾಜ್ ನಗರದ ಯಾವ ಮಗುವಿಗೆ ತಾನೆ ಕಿತ್ತಳೆ ಸಿಪ್ಪೆಯ ಆಟ ತಿಳಿಯದು? ಸಿಪ್ಪೆಯನ್ನು ದೀಪದ ಮುಂದೆ ಮಡಿಸಿ ಹಿಂಡಿದರೆ ಉರಿಯಲ್ಲಿ ಕಿಡಿಗಳು ಚಟಪಟನೆ ಸಿಡಿಯುತ್ತವೆ. ಹಾಗೆ ಉರಿಯುವುದು ಸಿಪ್ಪೆಯ ಎಣ್ಣೆ. ಅದರ ಬಹುಭಾಗ ಲಿಮೊನೀನ್ ಎಂಬ ದ್ರವ್ಯ. ನಾಗಪುರದ ಕಿತ್ತಳೆಗೆ 2014ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತುದು ನಮಗೆಲ್ಲ ಹೆಮ್ಮೆಯ ಸಂಗತಿಯೇ ಸರಿ. ಆದರೆ ಆ ಎಣ್ಣೆ ಸಿಪ್ಪೆಯೊಳಗೆ ಹೇಗೆ ಕೂಡಿತೆಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಎಣ್ಣೆ ತುಂಬಿದ ಜೀವಕೋಶಗಳು ತಾವೇ ಕರಗಿಹೋಗಿ ಆ ಎಡೆಯಲ್ಲಿ ಕುಳಿಯಾಗುತ್ತದೆ ಎಂದು ಅನೇಕ ಪಠ್ಯಪುಸ್ತಕಗಳು ಬಹುಕಾಲದಿಂದ ಬೋಧಿಸಿವೆ. ಕಿತ್ತಳೆಯ ಬಂಧುವಾದ ನಿಂಬೆಯನ್ನು ಪರೀಕ್ಷಿಸಿದ ಟರ್ನರ್, ಬೆರಿ ಮತ್ತು ಗಿಫರ್ಡ್ ಎಂಬ ವಿಜ್ಞಾನಿಗಳು 1998ರಲ್ಲಿ ಬೇರೆಯೇ ಮಾತನ್ನು ಹೇಳಿದರು. ಕೋಶಗಳು ಪರಸ್ಪರ ಅಗಲಿ ನಡುವೆ ಕುಳಿ ಏರ್ಪಡುತ್ತದೆ. ಸುತ್ತಲಿನ ಕೋಶಗಳು ಕರಗದೆ ಉಳಿದು ಅದರೊಳಕ್ಕೆ ಎಣ್ಣೆಯನ್ನು ಸ್ರವಿಸುತ್ತವೆ. ಹಾಗಾದರೆ ಹಿಂದಿನವರು ಕಂಡುದೇನು? ಅಂಗಾಂಶವನ್ನು ಕೆಡದಂತೆ ಇಡಲು ಬಳಸಿದ ತೆಳು ದ್ರಾವಣವನ್ನು ಹೀರಿ ಆ ಕೋಶಗಳು ಉಬ್ಬಿ ಒಡೆದಿದ್ದವು. ಪರೀಕ್ಷಕನ ಕೈಯಿಂದಾದ ಹಾನಿಯನ್ನು ಪಾಪ, ಗಿಡದ ಮೇಲೆ ಹೊರಿಸಿದ್ದಾಯಿತು!

ಒಳ್ಳೆಯ ವಿಧಾನ ಎಷ್ಟು ದೂರ ಒಯ್ಯಬಲ್ಲುದೆಂಬುದಕ್ಕೂ ನಿದರ್ಶನವಿದೆ. 1966ರಲ್ಲಿ ನಾರ್ತ್‌ಕೋಟ್ ಮತ್ತು ಪಿಕೆಟ್-ಹೀಪ್ಸ್ ಅವರು ಗೋಧಿಯ ಬೇರಿಗೆ ವಿಕಿರಣಶೀಲ ಗ್ಲೂಕೋಸನ್ನು ಉಣಿಸಿ, ಅದರ ಜಾಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹಿಡಿದರು. ಅದು ಮೊದಲು ಗಾಲ್ಜಿ ಭಾಗದಲ್ಲಿಯೂ, ಬಳಿಕ ಪುಟ್ಟ ಚೀಲಗಳಲ್ಲಿಯೂ, ಕಡೆಗೆ ಕೋಶಭಿತ್ತಿಯಲ್ಲಿಯೂ ಬೇರಿನ ತುದಿಯ ಲೋಳೆಯಲ್ಲಿಯೂ ಕಾಣಿಸಿತು.

ನಮ್ಮ ಪ್ರಯೋಗಶಾಲೆಗಳಲ್ಲಿ ನಡೆಯುವುದೇನು? ಪುಸ್ತಕದ ಚಿತ್ರವನ್ನು ರೆಕಾರ್ಡ್ ಪುಸ್ತಕಕ್ಕೆ ಇಳಿಸಿದರೆ ಪೂರ್ಣ ಅಂಕ. ಕಂಡುದನ್ನು ಕಂಡಂತೆ ಬರೆದವನ ಚಿತ್ರ ವಕ್ರವಾಗಿದ್ದರೆ ಅಂಕ ಕಡಮೆ! ಇದು ತಿರುಗುಮುರುಗಾಗಬೇಕೆಂಬುದೇ ನಮ್ಮ ವಾದ. ಚಿತ್ರದ ಅಂದಕ್ಕಿಂತ, ಅದನ್ನು ಹೇಗೆ ನೋಡಿದೆನೆಂದು ವಿದ್ಯಾರ್ಥಿ ಬರೆದ ಎರಡು ಸಾಲಿಗೆ ಅಂಕ ಸಲ್ಲಬೇಕು. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ತಾಂತ್ರಿಕ ಸಂಸ್ಥೆಯ ನೆರೆಯಲ್ಲಿರುವ ನಾವು ಇಷ್ಟನ್ನಾದರೂ ಕೇಳಬಾರದೆ?

ಇದಕ್ಕೆ ಹೆಚ್ಚಿನ ವೆಚ್ಚವೂ ಇಲ್ಲ. ಮೃಗ ಬಹಾರದ ಹಣ್ಣು ಬಂದಾಗ ಸಿಪ್ಪೆಯಿಂದ ತೆಳುವಾದ ಎರಡು ಚೂರುಗಳನ್ನು ಕತ್ತರಿಸಿರಿ. ಒಂದನ್ನು ನೀರು ಸೋಕಿಸದೆಯೂ ಇನ್ನೊಂದನ್ನು ನೀರಿನ ಹನಿಯಲ್ಲಿಯೂ ಇಟ್ಟು ನೋಡಿರಿ. ಎಣ್ಣೆಗೆ ಕೆಂಪು ಹಿಡಿಸುವ ಸುಡಾನ್ ಬಣ್ಣವನ್ನು ಮೂರನೆಯ ಚೂರಿಗೆ ಹಾಕಬಹುದು. ಬ್ಲೇಡು ಹಿಡಿಯುವಾಗ ಮಾತ್ರ ಉಪಾಧ್ಯಾಯರು ಹತ್ತಿರವಿರಲಿ.