ಮಾನಸಾಂತರವನ್ನು ಒಲ್ಲದ ಮನಸ್ಸು

ಸತ್ಯವೇದದಲ್ಲಿ ಪಾಪಿಗಳಿಗೆ ಕೊರತೆಯಿಲ್ಲ. ಕೊಲೆಗಾರರು, ವಂಚಕರು, ಅಣ್ಣನ ಹಕ್ಕನ್ನು ಕಸಿದುಕೊಂಡ ತಮ್ಮ, ತಮ್ಮನನ್ನು ಮಾರಿದ ಅಣ್ಣಂದಿರು, ಇವರೆಲ್ಲರೂ ಆ ಗ್ರಂಥದೊಳಗಿದ್ದಾರೆ. ಇವರಲ್ಲಿ ಅನೇಕರಿಗೆ ಕ್ಷಮೆಯೂ ದೊರಕಿತು. ಆದರೆ ತಪ್ಪನ್ನು ತೋರಿಸಿಕೊಟ್ಟ ಮೇಲೆಯೂ ತಿರುಗದೆ ನಿಂತ ಮನಸ್ಸನ್ನು ಕುರಿತು ಪ್ರವಾದಿಗಳು ಪಟ್ಟ ದುಃಖವು ಬೇರೆ ಯಾವ ಪಾಪವನ್ನು ಕುರಿತೂ ಅಷ್ಟಾಗಿ ಕಂಡುಬರುವುದಿಲ್ಲ. ಈ ಮೊಂಡುತನವು ದುಷ್ಟರ ಮತ್ತು ಅಜ್ಞಾನಿಗಳ ಗುಣವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಗ್ರಂಥವನ್ನು ನಿಧಾನವಾಗಿ ಓದಿದವರಿಗೆ ಹಾಗೆ ತೋರುವುದಿಲ್ಲ. ಅದು ಹೆಚ್ಚಾಗಿ ಓದು ಬಲ್ಲವರಲ್ಲಿ, ದೇವಾಲಯಕ್ಕೆ ತಪ್ಪದೆ ಹೋಗುವವರಲ್ಲಿ, ಮಾನವಂತರೆನಿಸಿಕೊಂಡವರಲ್ಲಿ ಬೇರೂರುತ್ತದೆ. ಒಂದು ಪಾಠಶಾಲೆಯ ಸ್ಮರಣ ಸಂಚಿಕೆಯಲ್ಲಿ ಈ ವಿಷಯವನ್ನೆತ್ತುವುದಕ್ಕೆ ಇದೇ ಕಾರಣ.

ಮೊದಲು ಪದದ ವಿಚಾರ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಪರಿಶ್ರಮದಿಂದ ಸತ್ಯವೇದವು 1831ರಲ್ಲಿ ಕನ್ನಡದಲ್ಲಿ ಪೂರ್ಣವಾಗಿ ಪ್ರಕಟವಾಯಿತು. ಅಂದಿನಿಂದ ಇಂದಿನವರೆಗೆ ನಮ್ಮ ಸಭೆಗಳಲ್ಲಿ ಈ ಒಂದು ಭಾವಕ್ಕೆ ಮೂರು ಮಾತುಗಳು ರೂಢಿಗೆ ಬಂದಿವೆ: ಪಶ್ಚಾತ್ತಾಪ, ಮಾನಸಾಂತರ, ತಿರುಗಿಕೊಳ್ಳುವುದು. ಪಶ್ಚಾತ್ತಾಪವೆಂದರೆ ಆಮೇಲೆ ಸುಡುವ ಬೇಗೆ. ಮಾನಸಾಂತರವು ಗ್ರೀಕ್ ಮೂಲಕ್ಕೆ ಹತ್ತಿರವಾದುದು, ಮನಸ್ಸೇ ಬೇರೆಯಾಗುವುದು. ಆದರೆ ಹೀಬ್ರೂ ಪ್ರವಾದಿಗಳು ಬಳಸಿದ ಪದವು ದಾರಿಯಲ್ಲಿ ನಡೆಯುವವನಿಗೆ ಸೇರಿದ್ದು: ಹಿಂದಿರುಗು, ಬಂದ ದಾರಿಗೆ ಬೆನ್ನು ಮಾಡು. ನಂಜನಗೂಡಿಗೆ ಹೋಗಬೇಕಾದವನು ಬೇಗೂರಿನಲ್ಲಿ ನಿಂತು ಗುಂಡ್ಲುಪೇಟೆಯ ಬಸ್ಸನ್ನು ಹತ್ತಿದನೆನ್ನೋಣ. ತಪ್ಪು ತಿಳಿದ ಮೇಲೆ ಅವನು ಕುಳಿತಲ್ಲೇ ಎಷ್ಟು ಕಣ್ಣೀರು ಸುರಿಸಿದರೂ ಗುಂಡ್ಲುಪೇಟೆಯನ್ನೇ ಸೇರುವನು. ಇಳಿದು ರಸ್ತೆಯ ಆಚೆ ಬದಿಗೆ ಹೋಗಿ ನಿಲ್ಲದೆ ಗತಿಯಿಲ್ಲ.

ಮೊಂಡುತನಕ್ಕೂ ಆ ಗ್ರಂಥವು ಹೊಲದಿಂದಲೇ ಉಪಮಾನವನ್ನು ತೆಗೆದುಕೊಳ್ಳುತ್ತದೆ. ನೊಗಕ್ಕೆ ಕೊರಳನ್ನು ಬಗ್ಗಿಸದ ಎತ್ತು, ಹಗ್ಗ ಹಿಡಿದು ಎಳೆದರೂ ಕಾಲೂರಿ ನಿಲ್ಲುವ ಕಡಸು. ಹೋಶೇಯನು ತನ್ನ ಜನರನ್ನು ಹೋಲಿಸಿದ್ದು ಇಂಥ ಕಡಸಿಗೆ. ನಮ್ಮ ಸೀಮೆಯ ರೈತರ ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ವಿಷಯದಲ್ಲಿ ಎಲ್ಲರಿಗೂ ಥಟ್ಟನೆ ನೆನಪಾಗುವವನು ಐಗುಪ್ತದ ಫರೋಹನು. ದೇವರೇ ಅವನ ಹೃದಯವನ್ನು ಕಠಿಣಪಡಿಸಿದನೆಂದು ಬರೆದಿರುವಾಗ ಅವನ ತಪ್ಪೇನು ಎಂದು ಚುರುಕಾದ ವಿದ್ಯಾರ್ಥಿನಿಯರು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ ಸರಿ. ಕಥೆಯ ಕ್ರಮವನ್ನು ಗಮನಿಸಬೇಕು. ಮುಂದೆ ಹಾಗಾಗುವುದೆಂದು ಮೋಶೆಗೆ ಮೊದಲೇ ತಿಳಿಸಲ್ಪಟ್ಟಿತ್ತು, ನಿಜ. ಆದರೂ ಬಾಧೆಗಳು ಆರಂಭವಾದ ಮೇಲೆ ಮೊದಲ ಐದರಲ್ಲಿ ಅವನ ಹೃದಯವು ಕಠಿಣವಾಗಿಯೇ ಇತ್ತೆಂದೋ ಅವನೇ ಅದನ್ನು ಕಠಿಣ ಮಾಡಿಕೊಂಡನೆಂದೋ ಹೇಳಿದೆ. ದೇವರು ಕಠಿಣಪಡಿಸಿದನೆಂಬ ಮಾತು ಬರುವುದು ಆರನೆಯದಾದ ಹುಣ್ಣಿನ ಬಾಧೆಯಲ್ಲಿ. ಐದು ಸಲ ತಾನೇ ಮುಚ್ಚಿಕೊಂಡ ಬಾಗಿಲು ಆರನೆಯ ಸಲ ತೆರೆಯಲಾರದೆ ಹೋಯಿತೆಂದು ನಾನು ಅರ್ಥಮಾಡುತ್ತೇನೆ, ಪಂಡಿತರಲ್ಲಿ ಭಿನ್ನಾಭಿಪ್ರಾಯಗಳಿರಬಹುದು. ಕಪ್ಪೆಗಳ ಬಾಧೆಯಲ್ಲಿ ಒಂದು ವಿಚಿತ್ರ ಸಂಗತಿಯಿದೆ. ಅವನ ಹಾಸಿಗೆಯ ಮೇಲೆಯೂ ಹಿಟ್ಟು ನಾದುವ ಪಾತ್ರೆಯಲ್ಲಿಯೂ ಕಪ್ಪೆಗಳು ತುಂಬಿಕೊಂಡಿವೆ. ಇವು ಯಾವಾಗ ತೊಲಗಬೇಕೆಂದು ಮೋಶೆಯು ಕೇಳಿದರೆ ಆ ಅರಸನು ಕೊಟ್ಟ ಉತ್ತರ, ನಾಳೆ! ನಮ್ಮ ಊರುಗಳಲ್ಲಿ ಹಿಂದೆ ದೆವ್ವವನ್ನು ಅಟ್ಟುವುದಕ್ಕೆ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಫರೋಹನು ದೇವರಿಗೇ ಹಾಗೆ ಬರೆದು ತೋರಿಸಿದನು. ಆಮೇಲೆ ಆನೆಕಲ್ಲು ಸುರಿದು ಅಗಸೆಯೂ ಜವೆಗೋದಿಯೂ ನಾಶವಾದಾಗ ತಾನು ಪಾಪಮಾಡಿದೆನೆಂದು ಬಾಯಿಬಿಟ್ಟು ಹೇಳಿದನು. ಮಳೆ ನಿಂತಿತು, ಆ ಮಾತೂ ಅಲ್ಲಿಗೇ ನಿಂತಿತು.

ಸೌಲನದು ಇನ್ನೊಂದು ರೀತಿ. ಸಮುವೇಲನೆದುರಿಗೆ ತನ್ನ ಪಾಪವನ್ನು ಒಪ್ಪಿಕೊಂಡ ಉಸಿರಿನಲ್ಲಿಯೇ, ಹಿರಿಯರ ಮುಂದೆ ತನ್ನ ಮಾನವನ್ನು ಉಳಿಸಿಕೊಡಬೇಕೆಂದು ಬೇಡಿದನು. ಈ ಬಗೆಯ ಪಶ್ಚಾತ್ತಾಪವು ಇಂದಿಗೂ ಬಹಳ ಬಳಕೆಯಲ್ಲಿದೆ.

ಆಮೋಸನ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಕ್ಷಾಮ, ಅನಾವೃಷ್ಟಿ, ಬೆಳೆಯ ರೋಗ, ವ್ಯಾಧಿ, ನಾಶ, ಹೀಗೆ ಒಂದೊಂದನ್ನು ಹೇಳಿದ ಮೇಲೂ ಜನರು ತಿರುಗಿಕೊಳ್ಳಲಿಲ್ಲವೆಂಬ ಕೊರಗು ಐದು ಸಲ ಬರುತ್ತದೆ. ಒಂದು ಊರಿನ ಮೇಲೆ ಮಳೆ ಸುರಿದು ಪಕ್ಕದ ಊರು ಒಣಗಿತೆಂಬ ವಿವರವೂ ಅಲ್ಲಿದೆ. ಘಟ್ಟದ ಮರೆಯಲ್ಲಿ ಮಳೆಗೆ ಕಾದಿರುವ ಗುಂಡ್ಲುಪೇಟೆ ಸೀಮೆಗೆ ಇದು ಹೊಸದಲ್ಲ. ಆದರೆ ಬೆಳೆ ಹಾಳಾದ ಬಡರೈತನಿಗೆ ಇದು ನಿನ್ನ ಪಾಪದ ಫಲವೆಂದು ಬೋಧಿಸುವವರು ಆಮೋಸನನ್ನು ಓದಿಲ್ಲವೆಂದೇ ಹೇಳಬೇಕು. ಆತನು ಗದರಿಸಿದ್ದು ದಂತದ ಮಂಚದ ಮೇಲೆ ಒರಗಿ ಬಡವರನ್ನು ತುಳಿಯುತ್ತಿದ್ದವರನ್ನು.

ಇಷ್ಟಾದರೂ ಈ ವಿಷಯದ ತಿರುಳು ನನಗೆ ಕಾಣುವುದು ಫರೋಹನಲ್ಲಿ ಅಲ್ಲ, ಯೆಹೂದದ ಅರಸನಾದ ಯೆಹೋಯಾಕೀಮನಲ್ಲಿ. ಯೆರೆಮೀಯನ ಗ್ರಂಥದ 36ನೆಯ ಅಧ್ಯಾಯವನ್ನು ವಾಚಕರು ದಯವಿಟ್ಟು ಪುನಃ ಓದಬೇಕು. ಕಾಲವು ಸುಮಾರು ಕ್ರಿ. ಪೂ. 604. ಯೆರೆಮೀಯನು ಹೇಳಿದ ಮಾತುಗಳನ್ನು ಬಾರೂಕನು ಸುರುಳಿಯಲ್ಲಿ ಬರೆದುಕೊಂಡನು. ಉಪವಾಸದ ದಿನ ದೇವಾಲಯದಲ್ಲಿ ಜನರಿಗೆ ಅದನ್ನು ಓದಿದನು. ಅನಂತರ ಅಧಿಕಾರಿಗಳು ಅವನನ್ನು ಕರೆಸಿ ಓದಿಸಿ ಕೇಳಿದರು, ಒಬ್ಬರ ಮುಖವನ್ನೊಬ್ಬರು ನೋಡಿ ಭಯಪಟ್ಟರು. ಕಡೆಗೆ ಸುರುಳಿಯು ಅರಸನ ಬಳಿಗೆ ಬಂತು. ಚಳಿಗಾಲ, ಅರಸನ ಮುಂದೆ ಅಗ್ಗಿಷ್ಟಿಕೆಯಲ್ಲಿ ಬೆಂಕಿ ಉರಿಯುತ್ತಿತ್ತು. ಸೇವಕನು ಮೂರು ನಾಲ್ಕು ಅಂಕಣಗಳನ್ನು ಓದಿದಂತೆಲ್ಲಾ ಅರಸನು ಲೇಖಕರ ಚೂರಿಯಿಂದ ಅಷ್ಟನ್ನು ಕತ್ತರಿಸಿ ಬೆಂಕಿಗೆ ಹಾಕುತ್ತಿದ್ದನು. ಹೀಗೆ ಸುರುಳಿಯೆಲ್ಲವೂ ಮುಗಿಯಿತು.

ಇಲ್ಲಿ ಕೂಗಾಟವಿಲ್ಲ. ಅವನು ಓದಬೇಡವೆಂದು ತಡೆಯಲಿಲ್ಲ. ಒಂದು ಸಾಲನ್ನೂ ಬಿಡದೆ ಕೇಳಿದನು. ಕೇಳಿದಷ್ಟನ್ನೂ ಸುಟ್ಟನು. ಕೈಯಲ್ಲಿದ್ದ ಆಯುಧವಾದರೂ ಯೋಧನ ಖಡ್ಗವಲ್ಲ, ಬರಹಗಾರರು ಲೇಖನಿಯನ್ನು ಹೆರೆದುಕೊಳ್ಳುವ ಚೂರಿ. ಆ ಸುರುಳಿಯಲ್ಲಿ ಅವನನ್ನು ಕೆರಳಿಸುವ ಮಾತುಗಳು ಇದ್ದಿರಲೇಬೇಕು. ನೆರೆಯವರಿಂದ ಬಿಟ್ಟಿ ದುಡಿಸಿ, ಕೂಲಿಯನ್ನು ಕೊಡದೆ, ದೇವದಾರು ಹಲಗೆ ಹೊದಿಸಿ ಕೆಂಪು ಬಣ್ಣ ಬಳಿದು ಅರಮನೆ ಕಟ್ಟಿಕೊಳ್ಳುತ್ತಿದ್ದಾನೆಂದು ಯೆರೆಮೀಯನು ಬೇರೊಂದು ಕಡೆ ಅವನನ್ನು ಖಂಡಿಸಿದ್ದಾನೆ. ಸುಟ್ಟ ಸುರುಳಿಯ ಗತಿಯೇನಾಯಿತೆಂದರೆ, ಬಾರೂಕನು ಮತ್ತೊಂದನ್ನು ಬರೆದನು. ಅದು ಮೊದಲನೆಯದಕ್ಕಿಂತ ದೊಡ್ಡದಾಯಿತು.

ಇವನ ತಂದೆಯಾದ ಯೋಷೀಯನು ಸುಮಾರು 18 ವರ್ಷಗಳ ಹಿಂದೆ ಇಂಥದೇ ಸಂದರ್ಭದಲ್ಲಿ ಕುಳಿತಿದ್ದನು. ದೇವಾಲಯದಲ್ಲಿ ದೊರೆತ ಧರ್ಮಗ್ರಂಥವನ್ನು ಲೇಖಕನಾದ ಶಾಫಾನನು ಓದಿದಾಗ ಯೋಷೀಯನು ತನ್ನ ಬಟ್ಟೆಗಳನ್ನು ಹರಿದುಕೊಂಡನು. ಇದರ ಅರ್ಥವನ್ನು ವಿಚಾರಿಸಿರೆಂದು ದೊಡ್ಡ ಅಧಿಕಾರಿಗಳನ್ನೂ ಮಹಾಯಾಜಕನನ್ನೂ ಕಳುಹಿಸಿದನು. ಅವರು ವಿಚಾರಿಸಲು ಹೋದದ್ದು ಹುಲ್ದಾ ಎಂಬ ಒಬ್ಬ ಹೆಂಗಸಿನ ಮನೆಗೆ. ಅರಸನನ್ನು ಮೆಚ್ಚಿಸುವ ಗೋಜಿಗೆ ಆಕೆ ಹೋಗಲಿಲ್ಲ. ಕೇಡು ಬರುವುದು ನಿಶ್ಚಯವೆಂದೂ ಅವನ ಮನಸ್ಸು ಮೃದುವಾದದ್ದರಿಂದ ಅದನ್ನು ಅವನು ಕಣ್ಣಾರೆ ಕಾಣಲಾರನೆಂದೂ ಇದ್ದದ್ದನ್ನು ಇದ್ದಂತೆ ಹೇಳಿಕಳುಹಿಸಿದಳು. ಹೆಣ್ಣುಮಕ್ಕಳ ಶಾಲೆಗಳಲ್ಲಿ ಎಸ್ತೇರಳನ್ನೂ ರೂತಳನ್ನೂ ಕುರಿತು ನಾಟಕಗಳಾಗುತ್ತವೆ. ಹುಲ್ದಾಳನ್ನು ಯಾರೂ ರಂಗದ ಮೇಲೆ ತರುವುದಿಲ್ಲ. ತಂದೆ ಬಟ್ಟೆ ಹರಿದುಕೊಂಡನು, ಮಗನು ಗ್ರಂಥವನ್ನು ಹರಿದನು. ಮಗನ ಸಭೆಯಲ್ಲಿ ಸುಡಬೇಡವೆಂದು ಬೇಡಿಕೊಂಡ ಮೂವರಲ್ಲಿ ಗೆಮರ್ಯನೊಬ್ಬನು. ಅವನೂ ಲೇಖಕನಾದ ಶಾಫಾನನ ಮಗನೆಂದು ಗ್ರಂಥದಲ್ಲಿದೆ.

ಈಗ ನಮ್ಮ ಜಿಲ್ಲೆಯ ಮಾತು. 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ ಮದುವೆಗೆಂದು ಬಂದಿದ್ದ ದಲಿತ ಮಹಿಳೆಯೊಬ್ಬರು ಬೀದಿಯ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರು. ಅನಂತರ ಆ ತೊಂಬೆಯ ನೀರನ್ನೆಲ್ಲಾ ಹರಿಯಬಿಟ್ಟು ಗಂಜಲದಿಂದ ತೊಳೆದರೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಅಧಿಕಾರಿಗಳು ಬಂದು ದಲಿತ ನಿವಾಸಿಗಳನ್ನು ಕರೆದೊಯ್ದು ಊರಿನ ತೊಂಬೆಗಳ ನೀರನ್ನು ಕುಡಿಸಿದರು, ಪ್ರಕರಣವೂ ದಾಖಲಾಯಿತು. ಅಸ್ಪೃಶ್ಯತೆಯು ನಿಷಿದ್ಧವೆಂದು ಸಾರುವ 17ನೆಯ ವಿಧಿಯುಳ್ಳ ಸಂವಿಧಾನವು 1950ರ ಜನವರಿ 26ರಂದು ಜಾರಿಗೆ ಬಂದು ಆಗ 72 ವರ್ಷಗಳು ಕಳೆದಿದ್ದವು. ನಮ್ಮ ನಾಡು ಈ ಸುರುಳಿಯನ್ನು ಓದಿಸಿ ಕೇಳಿಲ್ಲವೆಂದು ಹೇಳುವಂತಿಲ್ಲ. ಶಾಲೆಯ ಪುಸ್ತಕಗಳಲ್ಲಿ ಓದಿದೆವು, ರಾಷ್ಟ್ರೀಯ ಹಬ್ಬಗಳಲ್ಲಿ ಕೇಳಿದೆವು. ಜೀವಜಲದ ಬುಗ್ಗೆಯನ್ನು ತೊರೆದು ನೀರು ನಿಲ್ಲದ ಒಡಕು ತೊಟ್ಟಿಗಳನ್ನು ಕೊರೆದುಕೊಂಡವರನ್ನು ಕುರಿತು ಯೆರೆಮೀಯನು ಮರುಗಿದ್ದುಂಟು. ತುಂಬಿದ ತೊಟ್ಟಿಯನ್ನು ತಾವೇ ಬರಿದು ಮಾಡಿದವರನ್ನು ಆತನೂ ಕಂಡಿರಲಿಕ್ಕಿಲ್ಲ.

ಈ ಸುದ್ದಿಯನ್ನು ಓದಿದ ಕ್ರೈಸ್ತರಲ್ಲಿ ಕೆಲವರು ಇದು ನಮ್ಮವರ ತಪ್ಪಲ್ಲವೆಂದು ಪತ್ರಿಕೆಯನ್ನು ಮಡಿಸಿಟ್ಟಿರಬಹುದು. ಆ ಸಮಾಧಾನಕ್ಕೆ ಆಧಾರವಿಲ್ಲ. ಯೇಸುವು ಸಮಾರ್ಯದ ಹೆಂಗಸಿನ ಕೈಯಿಂದ ನೀರನ್ನು ಕೇಳಿದನೆಂದು ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿದವರ ಮನೆಗಳಲ್ಲಿಯೂ ಮಗಳಿಗೆ ಸಂಬಂಧ ನೋಡುವಾಗ ದೀಕ್ಷಾಸ್ನಾನಕ್ಕೆ ಮುಂಚೆ ಅವರ ಹಿರಿಯರು ಯಾವ ಜಾತಿಯವರಾಗಿದ್ದರೆಂಬ ಪ್ರಶ್ನೆಯು ಮೆಲ್ಲಗೆ ಏಳುತ್ತದೆ. ಕೇಳುವವರು ಒರಟರಲ್ಲ, ಸುಸಂಸ್ಕೃತರು, ಮೃದುಭಾಷಿಗಳು. ಸತ್ಯವೇದವನ್ನು ಮುಚ್ಚಿಡುವವರೂ ಅಲ್ಲ, ಪ್ರತಿದಿನ ಅದನ್ನು ತೆರೆಯುತ್ತಾರೆ. ಮೂರು ನಾಲ್ಕು ಅಂಕಣಗಳು ಮಾತ್ರ ಬೆಂಕಿಗೆ ಬೀಳುತ್ತವೆ. ತನ್ನ ಜನರು ನಾಚುವುದನ್ನೇ ಮರೆತರೆಂದು ಯೆರೆಮೀಯನು ಹೇಳಿದ್ದಾನೆ. ಹೆಣ್ಣುಮಗುವಿಗೆ ನಡೆಯುವಾಗ, ನಗುವಾಗ, ಉಡುವಾಗ ನಾಚಿಕೆಯಿರಬೇಕೆಂದು ಮನೆಯಲ್ಲಿ ನೂರು ಸಲ ಹೇಳಿಕೊಡುತ್ತೇವೆ. ಪ್ರವಾದಿಯು ಬಯಸಿದ ನಾಚಿಕೆಯು ಆ ಪಾಠದಲ್ಲಿ ಸೇರಿಲ್ಲ.

ಮಾತಾಪಿತೃಗಳು ಇದನ್ನು ಶಾಲೆಯವರೇ ಕಲಿಸಲಿ ಎನ್ನಬಹುದು. ಶಾಲೆಯು ಓದುವುದನ್ನು ಕಲಿಸುತ್ತದೆ, ಲೇಖನಿಯನ್ನು ಹೆರೆಯುವುದನ್ನು ಕಲಿಸುತ್ತದೆ. ಆ ಚೂರಿಯು ಮುಂದೆ ಯಾವ ಕೆಲಸಕ್ಕೆ ಒದಗುವುದೆಂಬುದು ಮನೆಯಲ್ಲಿ ತೀರ್ಮಾನವಾಗುತ್ತದೆ. ಸಂಬಂಧದ ಮಾತುಕತೆಯಲ್ಲಿ ಆ ಪ್ರಶ್ನೆಯು ಮುಂದಿನ ಸಲ ಎದ್ದಾಗ, ಅದನ್ನು ಕೇಳಬೇಡಿರೆಂದು ಗೆಮರ್ಯನಂತೆ ತಡೆಯುವವರು ಒಳಮನೆಯಲ್ಲಿ ಒಬ್ಬರಾದರೂ ಇರಬೇಕು. ಈ ಶಾಲೆಯಲ್ಲಿ ಓದಿದ ಹುಡುಗಿಯರಲ್ಲಿ ಅನೇಕರು ಈಗ ಅಂಥ ಮನೆಗಳಲ್ಲಿ ತಾಯಂದಿರೂ ಅತ್ತೆಯರೂ ಆಗಿದ್ದಾರೆ.